ಎರಡು ಚಿತ್ರಗಳ ನಡುವಿನ ತೆರಪು

ಭಾನುವಾರ ಬೆಳಿಗ್ಗೆ ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ಎಂಎಂಟಿಎಸ್ ರೈಲು ಹತ್ತಿ ನಾಂಪಲ್ಲಿಯಲ್ಲಿ ಇಳಿದರೆ ಅಬಿಡ್ಸಿನ ಪುಸ್ತಕ ಸಂತೆಗೆ ನಡೆದೇ ಹೋಗಬಹುದು. ಬಾಗಿಲು ಹಾಕಿದ ಅಂಗಡಿಗಳ ಮುಂದೆ, ಫುಟ್‌ಪಾತಿನ ಮೇಲೆ ಹರಡಿದ ಹಳೆಯ ಪುಸ್ತಕಗಳ ನಡುವೆ ನಾನೂ ನನ್ನ ಹದಿಮೂರರ ಮಗಳೂ ತಿಂಗಳಿಗೊಮ್ಮೆಯಾದರೂ ಅಲೆಯುತ್ತೇವೆ. ಅವಳ ಕಣ್ಣು ಹುಡುಕುವುದು ಚಿತ್ರಗಳಲ್ಲಿ ಹೇಳಿದ ಕಾದಂಬರಿಯನ್ನು, ನನ್ನ ಕಣ್ಣು ಹುಡುಕುವುದು ಕನ್ನಡ ಅಕ್ಷರವನ್ನು. ಮರಳುವ ರೈಲು ಬೇಗಂಪೇಟೆ ದಾಟುವ ಹೊತ್ತಿಗೆ ಅವಳು ಅರ್ಧ ಪುಸ್ತಕ ಮುಗಿಸಿರುತ್ತಾಳೆ. ಹಫೀಜ್‌ಪೇಟೆ ಬರುವಷ್ಟರಲ್ಲಿ ಅದು ನನ್ನ ಕೈ ಸೇರಿರುತ್ತದೆ.

ಮಗಳ ಹಿಂದೆ ಬಿದ್ದು ಹೀಗೆ ಓದುತ್ತಾ ಬಂದ ಗ್ರಾಫಿಕ್ ಕಾದಂಬರಿಗಳು ಮತ್ತು ಹರೆಯದವರ ಕಥೆಗಳು ನನ್ನೊಳಗೆ ಮೂರು ಪ್ರಶ್ನೆ ಎಬ್ಬಿಸಿವೆ. ಚಿತ್ರಕಾದಂಬರಿ ಸಾಹಿತ್ಯವೋ, ಸಾಹಿತ್ಯಕ್ಕೆ ಹತ್ತಿಸುವ ಏಣಿ ಮಾತ್ರವೋ? ಎಳೆಯರಿಗೆಂದೇ ಬರೆದ ಪುಸ್ತಕವನ್ನು ಯಾವ ಅಳತೆಯಿಂದ ಅಳೆಯಬೇಕು? ಹನ್ನೆರಡರಿಂದ ಹದಿನೇಳರ ನಡುವಿನ ಓದುಗರಿಗೆ ಕನ್ನಡ ಏನು ಕೊಟ್ಟಿದೆ? ಓದಿದವುಗಳನ್ನು ಮತ್ತೊಮ್ಮೆ ಮುಂದಿಟ್ಟುಕೊಂಡು ನೋಡಿದಾಗ ನನಗೆ ಸಿಕ್ಕ ಉತ್ತರವನ್ನು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಕೆಳಗಿನಿಂದ ಮೇಲಕ್ಕೆ ಓದುವ ಕಲ್ಲು

ಚಿತ್ರದಲ್ಲಿ ಕಥೆ ಹೇಳುವುದು ಪರದೇಶದಿಂದ ಬಂದ ಚಟ ಎನ್ನುವವರಿಗೆ ನಾನು ನಮ್ಮೂರ ಬಯಲಿನ ವೀರಗಲ್ಲು ತೋರಿಸುತ್ತೇನೆ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗಿನದರಲ್ಲಿ ಯುದ್ಧ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದೆದುರು ಕೂತ ವೀರ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಎಷ್ಟೋ ಕಡೆ ಶಾಸನದ ಅಕ್ಷರ. ಚಿತ್ರವೂ ಬರಹವೂ ಒಂದೇ ಕಲ್ಲಿನಲ್ಲಿ ಕೂಡಿ ಒಂದು ಬದುಕನ್ನು ಹೇಳುತ್ತವೆ. ಸಾವಿನ ಗಳಿಗೆಯನ್ನು ಮಾತ್ರ ಶಿಲ್ಪಿ ಬೇರೆ ಅಂಕಣದಲ್ಲಿ ಕೆತ್ತುವುದಿಲ್ಲ. ಅದು ಮೊದಲ ಅಂಕಣಕ್ಕೂ ಎರಡನೆಯದಕ್ಕೂ ನಡುವೆ, ನೋಡುವವರ ಮನಸ್ಸಿನಲ್ಲಿ ನಡೆಯುತ್ತದೆ.

ನಾನೀಗ ಇರುವ ತೆಲಂಗಾಣದಲ್ಲಿ ಇದಕ್ಕೆ ಬಟ್ಟೆಯ ಮೇಲಿನ ಒಡಹುಟ್ಟು ಇದೆ. ಸಿದ್ದಿಪೇಟೆ ಜಿಲ್ಲೆಯ ಚೇರಿಯಾಲದ ನಕಾಶಿ ಕಲಾವಿದರು ಕೆಂಪು ನೆಲದ ಮೇಲೆ ಬರೆಯುವ ಉದ್ದನೆಯ ಪಟಗಳು ಅವು. ಕಥೆ ಹೇಳುವವರು ಪಟವನ್ನು ಒಂದೊಂದೇ ಅಂಕಣವಾಗಿ ಬಿಚ್ಚುತ್ತಾ ಹಾಡುತ್ತಿದ್ದರು. ಮುಂದಿನ ಅಂಕಣ ಬಿಚ್ಚುವ ಮೊದಲಿನ ಆ ಕ್ಷಣದಲ್ಲಿ ಕೇಳುವವರು ಉಸಿರು ಹಿಡಿದು ಕಾಯುತ್ತಿದ್ದಿರಬೇಕು.

ಅಮೆರಿಕದ ಸ್ಕಾಟ್ ಮೆಕ್ಲೌಡ್ 1993ರಲ್ಲಿ ಕಾಮಿಕ್ಸ್ ಬಗ್ಗೆ ಕಾಮಿಕ್ಸ್ ರೂಪದಲ್ಲೇ ಒಂದು ಪುಸ್ತಕ ಬರೆದರು. ಅದರ ತಿರುಳು ಇದೇ. ಎರಡು ಚೌಕಟ್ಟುಗಳ ನಡುವಿನ ಖಾಲಿ ಜಾಗಕ್ಕೆ ಆ ಕಸುಬಿನವರು ‘ಗಟರ್’ ಎನ್ನುತ್ತಾರೆ. ಚಿತ್ರಕಾರ ಏನನ್ನೂ ಬರೆಯದ ಆ ಜಾಗದಲ್ಲಿ ಓದುಗ ಕಥೆಯನ್ನು ತಾನೇ ಹೆಣೆಯುತ್ತಾನೆ. ಕನ್ನಡದಲ್ಲಿ ಅದಕ್ಕೆ ‘ತೆರಪು’ ಎಂಬ ಮಾತು ಒಪ್ಪುತ್ತದೆ. ಚಿತ್ರದ ಪುಸ್ತಕವಿರಲಿ, ಬರೀ ಅಕ್ಷರದ ಪುಸ್ತಕವಿರಲಿ, ಎಳೆಯರಿಗಾಗಿ ಬರೆದದ್ದನ್ನು ನಾನು ಅಳೆಯುವುದು ಈ ತೆರಪಿನಿಂದಲೇ. ಓದುವ ಹುಡುಗಿಗೆ, ಹುಡುಗನಿಗೆ ಒಳಗೆ ಕಾಲಿಡಲು ಬರೆದವರು ಜಾಗ ಬಿಟ್ಟಿದ್ದಾರೆಯೇ?

ಕನ್ನಡದಲ್ಲಿ ಮೊದಲು ಬಂದ ಅಮರ ಚಿತ್ರಕಥೆ

ನನ್ನ ತಲೆಮಾರಿಗೆ ಚಿತ್ರಕಥೆ ಎಂದರೆ ಅಮರ ಚಿತ್ರಕಥೆ. ಅದರ ಹುಟ್ಟಿನ ಬಗ್ಗೆ ಎಲ್ಲರೂ ಹೇಳುವ ಕಥೆ 1967ರದು. ದೂರದರ್ಶನದ ಕ್ವಿಜ್ ಒಂದರಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಾಗಲಿಲ್ಲ, ಅದನ್ನು ಕಂಡು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಈ ಮಾಲೆ ಶುರುಮಾಡಿದರು ಎಂಬುದು. ಅದಕ್ಕೂ ಮೊದಲಿನ ಕಥೆಯೊಂದಿದೆ, ಅದು ಕನ್ನಡದ್ದು. ಮಾಲೆಯ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಹೇಳಿದಂತೆ, 1965ರಲ್ಲಿ ಸಿಂಡರೆಲಾದಂಥ ಪಾಶ್ಚಾತ್ಯ ಕಥೆಗಳ ಚಿತ್ರಪುಸ್ತಕಗಳು ಅಮರ ಚಿತ್ರಕಥೆ ಎಂಬ ಹೆಸರಿನಲ್ಲಿ ಮೊದಲು ಬಂದದ್ದು ಕನ್ನಡದಲ್ಲಿ. ಇಂಗ್ಲಿಷಿನ ‘ಕೃಷ್ಣ’ ಪುಸ್ತಕದ ಕ್ರಮಸಂಖ್ಯೆ 11. ಹಿಂದಿನ ಹತ್ತು ಸಂಖ್ಯೆಗಳು ಆ ಕಥೆಗಳಿಗೆ ಸೇರಿದವು.

ಈ ಸಂಗತಿ ತಿಳಿದಾಗ ಹೆಮ್ಮೆಯಾಯಿತು, ಹಿಂದೆಯೇ ಬೇಸರವೂ ಆಯಿತು. ಭಾರತದ ಅತಿ ದೊಡ್ಡ ಚಿತ್ರಕಥಾ ಮಾಲೆಗೆ ಮೊದಲ ಅಂಗಳವಾದ ಭಾಷೆ ಆಮೇಲೆ ತನ್ನದೇ ಆದ ಚಿತ್ರಕಾದಂಬರಿಯ ಪರಂಪರೆಯನ್ನು ಏಕೆ ಕಟ್ಟಿಕೊಳ್ಳಲಿಲ್ಲ?

ಬಸವೇಶ್ವರ, ಪುರಂದರದಾಸರನ್ನು ನಾನು ಮೊದಲು ನೋಡಿದ್ದು ಆ ಮೂವತ್ತೆರಡು ಪುಟಗಳಲ್ಲಿ. ಅದರ ಋಣ ಸಣ್ಣದಲ್ಲ. ಈಗ ಮಗಳ ಪಕ್ಕದಲ್ಲಿ ಕೂತು ಮತ್ತೆ ತೆರೆದರೆ ಎರಡು ಸಂಗತಿ ಕಣ್ಣಿಗೆ ಚುಚ್ಚುತ್ತವೆ. ಒಳ್ಳೆಯವರು ಬೆಳ್ಳಗೆ, ರಾಕ್ಷಸರು ಕಪ್ಪಗೆ. ಚಿತ್ರ ಏನನ್ನು ತೋರಿಸುತ್ತಿದೆಯೋ ಅದನ್ನೇ ಮೇಲಿನ ಹಳದಿ ಪಟ್ಟಿ ಮತ್ತೆ ಮಾತಿನಲ್ಲಿ ಹೇಳುತ್ತದೆ. ಓದುವ ಮಗುವಿಗೆ ಊಹಿಸಲು ಏನೂ ಉಳಿಯುವುದಿಲ್ಲ, ತೆರಪೆಲ್ಲ ಮುಚ್ಚಿಹೋಗಿದೆ. ಲಿಂಗಂಪಲ್ಲಿಗೆ ತಾಗಿಕೊಂಡೇ ಇರುವ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಕಲಿಸುವ ದೀಪಾ ಶ್ರೀನಿವಾಸ್ ಈ ಮಾಲೆಯ ಬಗ್ಗೆ 2010ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಈ ಕಥೆಗಳು ಒಂದು ಬಗೆಯ ಗಂಡುತನವನ್ನು, ಒಂದು ಬಗೆಯ ಮಧ್ಯಮವರ್ಗವನ್ನು ಹೇಗೆ ಕಡೆದವು ಎಂಬುದು ಅದರ ವಿಷಯ. ಮನರಂಜನೆ ಎಂದು ನಾವು ಅಂದುಕೊಂಡದ್ದು ನಮ್ಮನ್ನೇ ತಿದ್ದುತ್ತಿತ್ತು ಎಂಬುದು ಆಮೇಲೆ ನನಗೂ ಕಾಣತೊಡಗಿತು.

ಚೇಳಿನ ಬಾಲದ ಮಾತು

ಅದಾದ ಮೇಲೆ ಓದಿದ ‘ಭೀಮಾಯಣ’ ನನ್ನ ಓದಿನ ರೀತಿಯನ್ನೇ ಬದಲಿಸಿತು. 2011ರಲ್ಲಿ ನವಯಾನ ಪ್ರಕಟಿಸಿದ ಈ ಪುಸ್ತಕಕ್ಕೆ ಚಿತ್ರ ಬರೆದವರು ಮಧ್ಯಪ್ರದೇಶದ ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್, ಬರಹ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. 1901ರಲ್ಲಿ ಬಾಲಕ ಅಂಬೇಡ್ಕರ್ ಅಣ್ಣ ಹಾಗೂ ಅಕ್ಕನ ಮಕ್ಕಳೊಂದಿಗೆ ತಂದೆಯನ್ನು ನೋಡಲು ಹೊರಟು ಮಸೂರು ರೈಲುನಿಲ್ದಾಣದಲ್ಲಿ ಇಳಿದದ್ದು, ಜಾತಿ ತಿಳಿದ ಕೂಡಲೇ ಸ್ಟೇಷನ್ ಮಾಸ್ತರರ ಮುಖ ಬದಲಾದದ್ದು, ದಾರಿಯುದ್ದಕ್ಕೂ ಕುಡಿಯಲು ನೀರು ಸಿಗದೆ ಹೋದದ್ದು ಅದರಲ್ಲಿವೆ.

ವ್ಯಾಮ್ ದಂಪತಿ ಪಾತ್ರಗಳನ್ನು ಚೌಕಗಳೊಳಗೆ ಕೂಡಿಹಾಕಲು ಒಪ್ಪಲಿಲ್ಲ. ತಮ್ಮ ಮನೆಯ ಗೋಡೆಗೆ, ನೆಲಕ್ಕೆ ಬರೆಯುವ ‘ದಿಗ್ನ’ ಎಂಬ ವಿನ್ಯಾಸದಿಂದಲೇ ಪುಟವನ್ನು ಹರಿಯಬಿಟ್ಟರು. ರೈಲು ಇಲ್ಲಿ ಹಾವಾಗಿದೆ. ಮೃದುವಾದ ಮಾತಿನ ಗುಳ್ಳೆಗೆ ಹಕ್ಕಿಯ ಆಕಾರ, ನಂಜಿನ ಮಾತಿನ ಗುಳ್ಳೆಗೆ ಚೇಳಿನ ಬಾಲ, ಮನಸ್ಸಿನಲ್ಲೇ ಉಳಿದ ಮಾತಿಗೆ ಒಂದು ಕಣ್ಣು. ಮಗಳು ಇದನ್ನು ಓದುವಾಗ ಒಂದು ಪುಟದಲ್ಲಿ ನಿಂತಳು. ಅಕ್ಷರ ಓದುವ ಮೊದಲೇ ಬೆರಳನ್ನು ಚೇಳಿನ ಬಾಲದ ಮೇಲಿಟ್ಟು, “ಈ ಮನುಷ್ಯ ಈಗ ಕೆಟ್ಟದು ಹೇಳ್ತಾನೆ” ಎಂದಳು. ಆಮೇಲೆ ಓದಿದಳು. ಆಮೇಲೆ ಸುಮ್ಮನಾದಳು. ಅಸ್ಪೃಶ್ಯತೆ ಎಂಬ ಪದವನ್ನು ಅವಳು ಪಠ್ಯಪುಸ್ತಕದಲ್ಲಿ ಓದಿ ಪರೀಕ್ಷೆಯನ್ನೂ ಬರೆದಿದ್ದಳು. ಆ ಪದಕ್ಕೊಂದು ಕೊಂಡಿ ಇದೆ, ಅದು ಚುಚ್ಚುತ್ತದೆ ಎಂಬುದು ಅವಳಿಗೆ ತಿಳಿದದ್ದು ಆ ಪುಟದಲ್ಲಿ.

ಚಿತ್ರ ಕಲ್ಪನೆಯನ್ನು ಕೊಲ್ಲುತ್ತದೆ ಎಂಬ ಆಕ್ಷೇಪವನ್ನು ನಾನು ಒಪ್ಪದಿರುವುದು ಇದಕ್ಕಾಗಿ. ಶಾಲೆಯೊಂದರ ಓದಿನ ಅವಧಿಯಲ್ಲಿ ಅವಳ ಕೈಯಲ್ಲಿದ್ದ ಇಂಥದೇ ಒಂದನ್ನು “ಇದು ಪುಸ್ತಕವಲ್ಲ” ಎಂದು ತೆಗೆದಿಡಿಸಿದ್ದರು. ಆ ಮಾತು ನನಗಿನ್ನೂ ನೋವು ಕೊಡುತ್ತದೆ. ಕೆಟ್ಟ ಚಿತ್ರ ಕಲ್ಪನೆಯನ್ನು ಕೊಲ್ಲುವುದು ನಿಜ, ಕೆಟ್ಟ ಗದ್ಯವೂ ಅದನ್ನೇ ಮಾಡುತ್ತದೆ.

ಜಗತ್ತಿನ ದೊಡ್ಡ ಚಿತ್ರಕಾದಂಬರಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವು ಮೂರು. ಆರ್ಟ್ ಸ್ಪೀಗಲ್‌ಮನ್‌ನ ‘ಮೌಸ್’ ಮೊದಲನೆಯದು. 1992ರಲ್ಲಿ ವಿಶೇಷ ಪುಲಿಟ್ಜರ್ ಪಡೆದ ಈ ಕೃತಿಯಲ್ಲಿ ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು. ಆದರೆ ನನ್ನನ್ನು ಕಲಕಿದ್ದು ಸಾವಿನ ಶಿಬಿರದಿಂದ ಬದುಕಿ ಬಂದ ತಂದೆ ಮುದಿತನದಲ್ಲಿ ಮಾತ್ರೆ ಎಣಿಸುವುದು, ಬೀದಿಯಲ್ಲಿ ಬಿದ್ದ ತಂತಿಯನ್ನು ಆಯ್ದು ಜೇಬಿಗಿಳಿಸುವುದು. ನೊಂದವರು ದೇವರಾಗಬೇಕಿಲ್ಲ ಎಂಬ ಪ್ರಾಮಾಣಿಕತೆ ಅಲ್ಲಿದೆ. ಇಂಥ ಪುಸ್ತಕವನ್ನು 2022ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಮೆಕ್‌ಮಿನ್ ಕೌಂಟಿಯ ಶಾಲಾ ಮಂಡಳಿ ಎಂಟನೆಯ ತರಗತಿಯ ಪಾಠದಿಂದ ತೆಗೆಯಿತು. ಮಕ್ಕಳಿಗೆ ಇಷ್ಟು ಕಠೋರ ಸತ್ಯ ಬೇಕೇ ಎಂಬ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಶಿಬಿರಗಳಲ್ಲಿ ಮಕ್ಕಳೂ ಇದ್ದರು. ಮಸೂರಿನಲ್ಲಿ ಬಾಯಾರಿ ಕೂತವನೂ ಮಗುವೇ.

ಎರಡನೆಯದು ಇರಾನಿನ ಮರ್ಜಾನೆ ಸತ್ರಪಿಯ ‘ಪರ್ಸೆಪೊಲಿಸ್’, ಫ್ರೆಂಚಿನಲ್ಲಿ 2000ದಿಂದ ನಾಲ್ಕು ಸಂಪುಟಗಳಾಗಿ ಬಂದದ್ದು. ಮೊದಲ ಪುಟದಲ್ಲೇ 1980ರ ಹತ್ತು ವರ್ಷದ ಹುಡುಗಿ, ತಲೆಗೆ ಕಡ್ಡಾಯದ ಬಟ್ಟೆ. ಪಕ್ಕದ ತರಗತಿ ಚಿತ್ರದ ಅಂಚಿನಲ್ಲಿ ಅವಳು ಅರ್ಧ ಕತ್ತರಿಸಿ ಹೋಗಿದ್ದಾಳೆ. ಒಂದು ಆಳ್ವಿಕೆ ಹುಡುಗಿಯನ್ನು ಹೇಗೆ ಅಂಚಿಗೆ ತಳ್ಳುತ್ತದೆ ಎಂದು ವಿವರಿಸಲು ಬೇರೆ ಮಾತು ಬೇಕಾಗಿಲ್ಲ. ಮೂರನೆಯದು ಜೀನ್ ಲೂಯೆನ್ ಯಾಂಗ್ 2006ರಲ್ಲಿ ತಂದ ‘ಅಮೆರಿಕನ್ ಬಾರ್ನ್ ಚೈನೀಸ್’. ತನ್ನ ಮನೆಯ ಭಾಷೆ, ತನ್ನ ಮುಖ ಎರಡಕ್ಕೂ ನಾಚುವ, ವಲಸೆ ಕುಟುಂಬದ ಹುಡುಗನ ಕಥೆ ಅದು. ಊರು ಬಿಟ್ಟು ಬಂದು ಮಕ್ಕಳನ್ನು ಬೆಳೆಸುವ ಯಾವ ಕನ್ನಡ ಕುಟುಂಬವೂ ಅದನ್ನು ಹೊರಗಿನವರ ಕಥೆ ಎಂದು ಓದಲಾರದು.

ಶಿಶುಗೀತೆಯ ಆಚೆಗೆ

ಇನ್ನು ಕನ್ನಡದ ಅಕ್ಷರಲೋಕ. ಎಳೆಯ ಮಕ್ಕಳ ವಿಷಯದಲ್ಲಿ ನಾವು ಬಡವರಲ್ಲ. ಮಕ್ಕಳಿಗೆ ಬರೆಯುವುದನ್ನು ಗೌರವದ ಕೆಲಸವಾಗಿಸಿದ ಪಂಜೆ ಮಂಗೇಶರಾಯರಿಗೆ ಈ ನಗರದ ನಂಟೂ ಇದೆ. 1934ರಲ್ಲಿ ಆಗಿನ ನಿಜಾಮ್ ಸಂಸ್ಥಾನದ ರಾಯಚೂರಿನಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1937ರಲ್ಲಿ ಅವರು ಕಣ್ಣುಮುಚ್ಚಿದ್ದು ಹೈದರಾಬಾದಿನಲ್ಲೇ. ಜಿ.ಪಿ. ರಾಜರತ್ನಂ ಶಿಶುಗೀತೆಗಳಲ್ಲಿ ನಾಲಿಗೆಗೆ ಲಯ ಕೊಟ್ಟರು. ಶಿವರಾಮ ಕಾರಂತರು 1936ರ ಹೊತ್ತಿಗೆ ‘ಬಾಲ ಪ್ರಪಂಚ’ದ ಮೂರು ಸಂಪುಟಗಳಲ್ಲಿ ಜಗತ್ತನ್ನೇ ಮಕ್ಕಳ ಮುಂದಿಟ್ಟರು. ಎಪ್ಪತ್ತರ ದಶಕದಲ್ಲಿ ‘ಭಾರತ ಭಾರತಿ’ ಮಾಲೆಯ ಪುಟಾಣಿ ಜೀವನಚರಿತ್ರೆಗಳು ಮನೆಮನೆ ತಲುಪಿದವು.

ಮದ್ರಾಸಿನಲ್ಲಿ 1947ರ ಜುಲೈನಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿ ಬೇಗನೆ ಕನ್ನಡಕ್ಕೂ ಬಂದ ‘ಚಂದಮಾಮ’ದ ಬೇತಾಳ ಕಥೆಗಳನ್ನು ಮಾತ್ರ ನಾನು ಬೇರೆಯಾಗಿ ಎತ್ತಿ ಹೇಳಬೇಕು. ಶವವನ್ನು ಹೆಗಲಿಗೇರಿಸಿದ ರಾಜ, ಕತ್ತಿ, ಮರದ ಹಿನ್ನೆಲೆ, ಎಲ್ಲವೂ ಚಿತ್ರಕಾರ ಶಂಕರ್ ಅವರ ಗೆರೆಯಲ್ಲಿ. ಬೇತಾಳ ಪ್ರಶ್ನೆ ಕೇಳಿದ ಕೂಡಲೇ ನಮ್ಮಮ್ಮ ಪುಸ್ತಕ ಮಡಚಿ, “ನೀನೇನಂತಿ?” ಎನ್ನುತ್ತಿದ್ದಳು. ತಪ್ಪೋ ಒಪ್ಪೋ ಉತ್ತರ ಹೇಳಿದ ಮೇಲೆಯೇ ಮುಂದಿನ ಸಾಲು. ನನಗೆ ತೆರಪು ಎಂಬುದರ ಮೊದಲ ಪಾಠವಾದದ್ದು ಅಲ್ಲಿ.

ಆದರೆ ಹನ್ನೆರಡು ದಾಟಿದ ಮೇಲೆ? ಆಗ ನಾವು ಚಂದಮಾಮದಿಂದ ನೇರ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಡೆಗೆ ಜಿಗಿದೆವು, ಇಲ್ಲವೇ ಅಕ್ಕಂದಿರ ದಿಂಬಿನ ಕೆಳಗಿನ ತ್ರಿವೇಣಿಯವರನ್ನು ಕದ್ದು ಓದಿದೆವು. ನಡುವೆ ನಮ್ಮದೇ ಎನ್ನುವ ಕಪಾಟು ಇರಲಿಲ್ಲ. ಮೈ ಬದಲಾಗುವ, ಅಪ್ಪ ಅಮ್ಮ ತಪ್ಪು ಮಾಡಬಲ್ಲರೆಂದು ಹೊಳೆಯುವ, ಗೆಳೆತನ ಮುರಿದಾಗ ಲೋಕವೇ ಮುಗಿಯಿತೆನಿಸುವ ಆ ವಯಸ್ಸಿನೊಂದಿಗೆ ಕನ್ನಡ ನೇರವಾಗಿ ಮಾತಾಡಿದ್ದು ಕಡಿಮೆ. ಚಿಕ್ಕವರಿಗೆ ನೀತಿ, ದೊಡ್ಡವರಿಗೆ ಸಾಹಿತ್ಯ ಎಂದು ಹಂಚಿಕೊಂಡ ನಾವು ನಡುವಿನವರನ್ನು ಮರೆತೆವು.

ಆ ಕೊರತೆಯನ್ನು ಹೆಚ್ಚು ತುಂಬಿದವರು ಎಳೆಯರಿಗೆಂದು ಹೆಸರು ಹಚ್ಚದೆಯೇ ಬರೆದ ಪೂರ್ಣಚಂದ್ರ ತೇಜಸ್ವಿ. 1980ರ ‘ಕರ್ವಾಲೊ’ ಇವತ್ತಿಗೂ ಹದಿನಾಲ್ಕರ ಹುಡುಗರ ಕೈಗೆ ಕೊಡಬಹುದಾದ ಕನ್ನಡದ ಅತ್ಯುತ್ತಮ ಪುಸ್ತಕ ಎಂದು ನಾನು ನಂಬಿದ್ದೇನೆ. ಹೆಸರಾಂತ ವಿಜ್ಞಾನಿಯೊಬ್ಬ ಊರವರು ಕೆಲಸಕ್ಕೆ ಬಾರದವನೆಂದ ಮಂದಣ್ಣನನ್ನು ಸಮಾನನಂತೆ ಕಾಣುತ್ತಾನೆ. ತಮ್ಮನ್ನು ಯಾರೂ ಲೆಕ್ಕಕ್ಕಿಟ್ಟಿಲ್ಲ ಎಂದು ಕೊರಗುವ ವಯಸ್ಸಿಗೆ ಇದಕ್ಕಿಂತ ದೊಡ್ಡ ಸಮಾಧಾನ ಯಾವುದು? ಇಷ್ಟೆಲ್ಲ ಹುಡುಕಿದ ಹಾರುವ ಓತಿ ಕೊನೆಗೆ ಪ್ರಪಾತದ ಆಚೆ ತೇಲಿ ಮರೆಯಾಗುತ್ತದೆ, ನೀತಿ ಹೇಳಲು ಯಾರೂ ಬರುವುದಿಲ್ಲ. ಓದುಗ ಆ ಬಂಡೆಯ ತುದಿಯಲ್ಲಿ ತಾನೇ ನಿಂತಿರುತ್ತಾನೆ.

ನಾ. ಡಿಸೋಜ ಅವರದು ಇನ್ನೊಂದು ದಾರಿ. ಶರಾವತಿ ಯೋಜನೆಯ ಕಾಲದಲ್ಲಿ ಸರಕಾರಿ ನೌಕರರಾಗಿ ಮುಳುಗಡೆಯನ್ನು ಹತ್ತಿರದಿಂದ ಕಂಡ ಅವರು ಅದನ್ನು ದೊಡ್ಡವರ ಕಾದಂಬರಿಗಷ್ಟೇ ಮೀಸಲಿಡಲಿಲ್ಲ. ಮಕ್ಕಳ ಕಾದಂಬರಿ ‘ಮುಳುಗಡೆಯ ಊರಿಗೆ ಬಂದವರು’ ಬರೆದರು, ಅದಕ್ಕೆ 2011ರ ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರ ಬಂತು. ಇದರ ಪಕ್ಕದಲ್ಲಿ ನಾನು ಒರಿಜಿತ್ ಸೇನ್ ಅವರ ‘ರಿವರ್ ಆಫ್ ಸ್ಟೋರೀಸ್’ ಇಟ್ಟು ನೋಡುತ್ತೇನೆ. 1994ರಲ್ಲಿ ಬಂದ, ಭಾರತದ ಮೊದಲ ಗ್ರಾಫಿಕ್ ಕಾದಂಬರಿ ಎಂದು ಹಲವರು ಕರೆಯುವ ಆ ಪುಸ್ತಕದ ವಸ್ತುವೂ ಅಣೆಕಟ್ಟೇ, ನದಿ ಮಾತ್ರ ನರ್ಮದೆ. ಅಲ್ಲಿ ಪತ್ರಕರ್ತನ ವರದಿಯ ಜೊತೆಗೆ ಹಾಡುಗಾರನ ಸೃಷ್ಟಿಪುರಾಣವೂ ಪೆನ್ಸಿಲ್ ಗೆರೆಗಳಲ್ಲಿ ಹರಿಯುತ್ತದೆ. ಒಂದೇ ಗಾಯಕ್ಕೆ ಒಬ್ಬರು ಮಾತಿನ ಕಣ್ಣು ಕೊಟ್ಟರು, ಇನ್ನೊಬ್ಬರು ಗೆರೆಯ ದನಿ ಕೊಟ್ಟರು. ಶರಾವತಿಯ ಹಿನ್ನೀರನ್ನು ಕನ್ನಡದ ಚಿತ್ರಕಾರರೊಬ್ಬರು ಹೀಗೆ ಬರೆಯುವ ದಿನಕ್ಕಾಗಿ ನಾನು ಕಾಯುತ್ತಿದ್ದೇನೆ.

ತಾಂಡೂರಿನ ಹಳಿಯ ಮೇಲೆ

ಲಿಂಗಂಪಲ್ಲಿಯ ಹಳಿ ಪಶ್ಚಿಮಕ್ಕೆ ವಿಕಾರಾಬಾದ್, ತಾಂಡೂರು ದಾಟಿ ಸೇಡಂ, ವಾಡಿಗೆ ಹೋಗುತ್ತದೆ. 1874ರಲ್ಲಿ ವಾಡಿಯನ್ನೂ ಸಿಕಂದರಾಬಾದನ್ನೂ ಸೇರಿಸಿದ ನಿಜಾಮರ ರೈಲುದಾರಿ ಇದು. ಕಲಬುರಗಿ ಕಡೆಯಿಂದ ಬರುವ ನಮ್ಮವರು ಇಳಿಯುವುದೂ ಇದೇ ಹಳಿಯ ಮೇಲೆ. ಗಡಿಗೆ ಹತ್ತಿರದ ಆ ತಾಂಡೂರು ಸೀಮೆಯ ಪೆದ್ದೇಮೂಲಿನಲ್ಲಿ ಹುಟ್ಟಿದವರು ತೆಲುಗು ಲೇಖಕಿ ಗೋಗು ಶ್ಯಾಮಲಾ.

ಹೈದರಾಬಾದಿನ ‘ಅನ್ವೇಷಿ’ ಮಹಿಳಾ ಅಧ್ಯಯನ ಸಂಸ್ಥೆ 2008ರಲ್ಲಿ ‘ಡಿಫರೆಂಟ್ ಟೇಲ್ಸ್’ ಎಂಬ ಮಕ್ಕಳ ಪುಸ್ತಕಮಾಲೆಯನ್ನು ಇಂಗ್ಲಿಷ್, ತೆಲುಗು, ಮಲಯಾಳಂಗಳಲ್ಲಿ ತಂದಾಗ ಶ್ಯಾಮಲಾ ಅವರ ಕಥೆಗಳೂ ಅದರಲ್ಲಿದ್ದವು. ಅವರ ಬಾಲಮಣಿ ಹೊಲಕ್ಕೆ ನೀರು ಕಟ್ಟಲು ಹೋಗುವ ದಲಿತ ಹುಡುಗಿ. ಮೈಮೇಲೆ ಬೀಳಲು ಬಂದ ಜಮೀನ್ದಾರನನ್ನು ಎದುರಿಸಿ ಗೆಲ್ಲುತ್ತಾಳೆ. ಖದೀರ್ ಬಾಬು ಅವರ ಕಥೆ ಮುಸ್ಲಿಂ ಮನೆಯ ತಲೆಮಾಂಸದ ಸಾರಿನ ಸುತ್ತ ಹೆಣೆದದ್ದು. ಈ ಪುಸ್ತಕಗಳನ್ನು ಓದಿದಾಗ ನಾನು ಬೆಳೆದ ಓಣಿಯ ಎಷ್ಟೋ ಮನೆಗಳು ನಾನು ಓದಿದ ಮಕ್ಕಳ ಪುಸ್ತಕಗಳಲ್ಲಿ ಇರಲೇ ಇಲ್ಲವೆಂಬುದು ನೆನಪಾಯಿತು. ಆ ಮನೆಗಳ ಗೆಳೆಯರು ನನ್ನ ಜೊತೆಗೇ ಶಾಲೆಯಲ್ಲಿ ಕೂತು ಅವೇ ಪುಸ್ತಕ ಓದಿದ್ದರು. ಅವರಿಗೆ ಹೇಗನಿಸಿರಬಹುದು ಎಂದು ನಾನು ಅಂದು ಕೇಳಲಿಲ್ಲ.

ಮುಚ್ಚಿಟ್ಟದ್ದಕ್ಕೂ ತೆರಪಿಗೂ ವ್ಯತ್ಯಾಸವಿದೆ. ಓದುಗರನ್ನು ನಂಬಿ ಹೇಳದೆ ಉಳಿಸಿದ್ದು ತೆರಪು. ಕೆಲವರ ಬದುಕನ್ನು ಪುಸ್ತಕದೊಳಕ್ಕೇ ಬಿಡದಿರುವುದು ಅನ್ಯಾಯ.

ಕಿವಿಗೆ ಗೊತ್ತಿರುವ ಕನ್ನಡ

ಕಾಚಿಗೂಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ಈ ನಗರದಲ್ಲಿ ಕನ್ನಡವನ್ನು ಕಾಪಾಡಿಕೊಂಡು ಬಂದ ಮನೆಗಳವು. ಊರಿನ ಇನ್ನೊಂದು ತುದಿಯಾದ ಲಿಂಗಂಪಲ್ಲಿಯಲ್ಲಿ ಬೆಳೆಯುವ ನನ್ನ ಮಗಳಂಥವರಿಗೆ ಕನ್ನಡ ಕಿವಿಯ ಭಾಷೆ. ಮನೆಯಲ್ಲಿ ನಿರರ್ಗಳ ಮಾತಾಡುತ್ತಾರೆ, ಕನ್ನಡದ ಒತ್ತಾದ ಪುಟ ಕಂಡರೆ ಹಿಂಜರಿಯುತ್ತಾರೆ. ಆದರೆ ತೆಲಂಗಾಣದ ಶಾಲೆಗಳಲ್ಲಿ 2018ರ ಕಾನೂನಿನಿಂದ ತೆಲುಗು ಕಡ್ಡಾಯವಾಗಿದೆ, ತೆಲುಗು ಲಿಪಿ ಬಲ್ಲವರಿಗೆ ಕನ್ನಡದ ಲಿಪಿ ಅರ್ಧ ಹೆಜ್ಜೆಯ ದೂರ. ಗ, ರ ಮೊದಲಾದ ಅಕ್ಷರಗಳ ತಲಕಟ್ಟು ಬದಲಿಸಿದರೆ ಸಾಕು. ಕ, ತ, ಶದಂಥ ಕೆಲವನ್ನು ಮಾತ್ರ ಬೇರೆಯಾಗಿ ಕಲಿಯಬೇಕು.

ಇಂಥ ಓದುಗರಿಗೆ ಚಿತ್ರಕಾದಂಬರಿಯಷ್ಟು ಒಳ್ಳೆಯ ಬಾಗಿಲು ಬೇರೆ ಇಲ್ಲ. ಒಂದು ಗುಳ್ಳೆಯಲ್ಲಿ ಏಳೆಂಟು ಪದ, ಅದೂ ಆಡುಮಾತು. ಕಿವಿಗೆ ಗೊತ್ತಿರುವುದು ಕಣ್ಣಿಗೆ ಸಿಗುತ್ತದೆ, ತೊಡರಿದಲ್ಲಿ ಚಿತ್ರ ಕೈ ಹಿಡಿಯುತ್ತದೆ. ಬಣ್ಣದ ಮುದ್ರಣ ದುಬಾರಿ ಎನ್ನುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ‘ಮೌಸ್’, ‘ಪರ್ಸೆಪೊಲಿಸ್’ ಎರಡೂ ಬರೀ ಕಪ್ಪು ಬಿಳುಪು. ಬೇಕಾಗಿರುವುದು ಕಥೆಗಾರ ಮತ್ತು ಚಿತ್ರಕಾರ ಒಂದೇ ಮೇಜಿನ ಮುಂದೆ ಕೂರುವುದು, ಪ್ರಕಾಶಕರು ಹದಿಮೂರರ ಓದುಗರನ್ನು ಓದುಗರೆಂದೇ ಎಣಿಸುವುದು. ಏಣಿಯೋ ಸಾಹಿತ್ಯವೋ ಎಂಬ ಮೊದಲ ಪ್ರಶ್ನೆ ನನಗೀಗ ಕಾಡುತ್ತಿಲ್ಲ. ತೆರಪು ಬಿಟ್ಟು ಬರೆದದ್ದು ಸಾಹಿತ್ಯ. ಅದು ಒಬ್ಬ ಹುಡುಗಿಯನ್ನು ಅಕ್ಷರದ ಕಡೆಗೂ ಕರೆತಂದರೆ ಅದು ನಮ್ಮ ಪುಣ್ಯ.

ಕಳೆದ ಬೇಸಿಗೆಯಲ್ಲಿ ರಾತ್ರಿಗೆ ಹತ್ತು ಪುಟದಂತೆ ‘ಕರ್ವಾಲೊ’ವನ್ನು ಮಗಳಿಗೆ ಓದಿ ಹೇಳಿದೆ. ಮುಗಿದ ಮರುದಿನ ಅವಳು ಡ್ರಾಯಿಂಗ್ ಹಾಳೆಯನ್ನು ಆರು ಚೌಕ ಮಾಡಿ ಕೊನೆಯ ದೃಶ್ಯ ಬರೆಯಲು ಕೂತಳು. ಬಂಡೆ, ಮರ, ಕತ್ತೆತ್ತಿ ನೋಡುವ ‘ಕಿವಿ’ ಎಂಬ ನಾಯಿ. ಮಂದಣ್ಣನ ಬಾಯಿಯಿಂದ ಒಂದು ಗುಳ್ಳೆ ಎಳೆದು, ಪೆನ್ಸಿಲ್ ಕಚ್ಚಿಕೊಂಡು ಕೂಗಿದಳು: “ಅಪ್ಪಾ, ಓತಿಕ್ಯಾತಕ್ಕೆ ಕ್ಯಾ ಹೇಗೆ ಬರೀಬೇಕು? ತೆಲುಗಿನ ಥರಾನೇ ಯ ಒತ್ತು ಬರುತ್ತಾ?” ನಾನು ಅವಳ ಪಕ್ಕ ಕೂತು ‘ಕ’ ಬರೆದು, ಕಾ ಮಾಡಿ, ಕೆಳಗೆ ಒತ್ತು ಸುತ್ತಿ ತೋರಿಸಿದೆ. ಅವಳು ಅದನ್ನು ಹಾಳೆಯ ಹಿಂದೆ ಮೂರು ಸಲ ತಿದ್ದಿ, ನಾಲ್ಕನೆಯ ಸಲ ಗುಳ್ಳೆಯೊಳಗೆ ಬರೆದಳು.